ಸೌನಾದಲ್ಲಿ ಹಾಡುವ ಹೆಂಗಸು

ನನ್ನ ಗಂಡ ತೌನೊ ಮಾಕೆಲಾ ಕೂತಲ್ಲಿ ಕೂರುವ ಆಸಾಮಿಯಲ್ಲ. ಊಟದ ಮೇಜಿನ ಕೆಳಗೆ ಅವನ ಕಾಲು ಕುಣಿಯುತ್ತಲೇ ಇರುತ್ತದೆ. ಕಾಫಿ ಕಪ್ಪಿನ ಅಂಚಿನ ಮೇಲೆ ಬೆರಳು ತಾಳ ಹಾಕುತ್ತಲೇ ಇರುತ್ತದೆ. ನಮ್ಮ ಗಣಿಯ ಊರಿಗೆ ವಲಸೆ ಬಂದ ಫಿನ್ ಜನ ಎಂದರೆ ಮರದ ಕೊರಡಿನ ಹಾಗೆ ಅಲ್ಲಾಡದೆ ಕೂರುವವರು ಎಂದು ಅವರ ಹಾಗೆಯೇ ವಲಸೆ ಬಂದ ನಮ್ಮ ಸ್ಲೊವೀನರ ಮನೆಗಳಲ್ಲಿ ತಮಾಷೆ ಮಾಡುತ್ತಿದ್ದರು. ಅಷ್ಟೊಂದು ಕೊರಡುಗಳ ನಡುವೆ ನನಗೆ ಸಿಕ್ಕಿದ್ದು ಈ ಒಂದು ಬುಗುರಿ. ಮಾತಾಡದಿರುವ ವಿಷಯದಲ್ಲಿ ಮಾತ್ರ ಅವನು ಪಕ್ಕಾ ಫಿನ್.

ಅವನ ದನಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಮ್ಮ ಮನೆಯ ಅಷ್ಟೂ ರಾಮಾಯಣಕ್ಕೆ ಅದೇ ಕಾರಣ. ಲುಥೆರನ್ ಚರ್ಚಿನ ಹಾಡುಗಾರರ ಹಿಂದಿನ ಸಾಲಿನಲ್ಲಿ ನಿಂತು ಅವನು ಕೆಳಗಿನ ಸ್ವರ ಹಿಡಿದನೆಂದರೆ ನೆಲಮಾಳಿಗೆಯಲ್ಲಿ ಕಾಫಿ ಕಾಯಿಸುವ ಹೆಂಗಸರು ಕಪ್ಪುಗಳನ್ನು ಹಿಡಿದುಕೊಳ್ಳಬೇಕು ಎನ್ನುತ್ತಿದ್ದರು. ಕಬ್ಬಿಣದ ಗಣಿಯಲ್ಲಿ ಅವನು ದೊಡ್ಡ ಲಾರಿ ಓಡಿಸುತ್ತಿದ್ದ. ಅಲ್ಲಿನ ಅಷ್ಟು ಸದ್ದಿನಲ್ಲೂ ಅವನು ಕೂಗಿದ್ದು ಗಣಿಯ ಹಳ್ಳದ ಆಚೆ ದಂಡೆಗೆ ಕೇಳುತ್ತಿತ್ತು. ನಾನು ಮನಸೋತಿದ್ದು ಆ ದನಿಗೇ. ಮುಖ ನೋಡಿ ಅಂತೂ ಅಲ್ಲ.

ಗಣಿಯವರು ಒಂದು ವಸಂತದಲ್ಲಿ ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದರು. ಕೆಲವರು ಕೆಲಸ ಹುಡುಕಿಕೊಂಡು ಟೆಕ್ಸಸ್‌ಗೆ ಹೋದರು, ಕೆಲವರು ಬಾರಿನಲ್ಲಿ ಕೂತರು. ನನ್ನವನು ನಲವತ್ತರ ವಯಸ್ಸಿನಲ್ಲಿ ಡುಲೂತ್‌ನ ಕಾಲೇಜಿಗೆ ಸೇರಿ, ಮೀಸೆ ಮೂಡದ ಹುಡುಗರ ಪಕ್ಕ ಕೂತು ಸಂಗೀತದ ಮೇಷ್ಟ್ರಾಗಲು ಓದಿದ. ಅಷ್ಟು ವರ್ಷ ವೃದ್ಧಾಶ್ರಮದಲ್ಲಿ ಸಂಜೆಯ ಪಾಳಿ ಮಾಡಿ ಮನೆ ನಡೆಸಿದವಳು ನಾನು. ನಮ್ಮೂರ ಪ್ರಾಥಮಿಕ ಶಾಲೆಯ ಹಳೆಯ ಸಂಗೀತದ ಟೀಚರ್ ನಿವೃತ್ತಿಯಾದಾಗ ಮಿನೆಸೋಟದ ಈ ಮೂಲೆಯ ಚಳಿಗೆ ಹೆದರಿ ಹೊರಗಿನವರು ಯಾರೂ ಅರ್ಜಿ ಹಾಕಲಿಲ್ಲ. ತೌನೊನನ್ನು ತೆಗೆದುಕೊಂಡರು. ಮೊದಲ ವರ್ಷ ತಾತ್ಕಾಲಿಕ, ಕೆಲಸ ನೋಡಿ ಮುಂದಿನ ಮಾತು.

ಸೆಪ್ಟೆಂಬರ್ ಕಳೆಯುವಷ್ಟರಲ್ಲಿ ಅವನು ಅಡುಗೆಮನೆಯ ನೆಲ ಸವೆಯುವ ಹಾಗೆ ಓಡಾಡತೊಡಗಿದ. ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ.

"ಮಕ್ಕಳಿಗೆ ಕಿವಿಯೇ ಇಲ್ಲ ವಿಡಾ," ಎಂದ.

"ಎಲ್ಲರಿಗೂ?"

"ಎಲ್ಲರಿಗೂ."

"ಇಡೀ ಶಾಲೆಗೆ ಒಟ್ಟಿಗೆ ಕಿವಿ ಹೋಯ್ತಾ? ಏನು, ಕಾಯಿಲೆ ಬಂದಿದೆಯಾ?"

ಅವನು ಇನ್ನೊಂದು ಸುತ್ತು ಹೊಡೆದ.

ಅವನು ಊಟದ ಡಬ್ಬಿ ಮರೆತುಹೋದ ಒಂದು ದಿನ ನಾನೇ ಶಾಲೆಗೆ ಹೋದೆ. ಸಂಗೀತಕ್ಕೆಂದು ಬೇರೆ ಕೋಣೆ ಇರಲಿಲ್ಲ. ಊಟದ ಕೋಣೆಯಲ್ಲೇ ಪಾಠ. ಒಂದನೇ ತರಗತಿಯ ಮಕ್ಕಳು ನೆಲದ ಮೇಲೆ ಅರ್ಧ ಚಂದ್ರಾಕಾರದಲ್ಲಿ ಕೂತಿದ್ದವು. ಹಾಜರಿಯನ್ನು ಹಾಡಿನಲ್ಲೇ ಕರೆಯುವುದು ಅವನ ಪದ್ಧತಿ. ಎರಡೇ ಸ್ವರ, ಮಕ್ಕಳು ಬೀದಿಯ ಈ ತುದಿಯಿಂದ ಆ ತುದಿಗೆ ಒಬ್ಬರನ್ನೊಬ್ಬರು ಕೂಗಿ ಕರೆಯುತ್ತವಲ್ಲ, ಆ ಮೇಲಿನದು ಮತ್ತು ಕೆಳಗಿನದು. "ಎಲ್ಲಿದ್ದೀಯಾ, ಕ್ಯಾರೀ?" ಎಂದು ಮೇಷ್ಟ್ರು ಹಾಡಬೇಕು, "ಇಲ್ಲಿದ್ದೀನಿ" ಎಂದು ಮಗು ಅದೇ ಸ್ವರದಲ್ಲಿ ಹಾಡಬೇಕು.

ತೌನೊ ಬಾವಿಯ ತಳದಿಂದ ಬಂದಂಥ ಆ ದನಿಯಲ್ಲಿ "ಎಲ್ಲಿದ್ದೀಯಾ" ಎಂದ. ಕ್ಯಾರಿ ಎಂಬ ಆ ಹಲ್ಲು ಬಿದ್ದ ಹುಡುಗಿ ಗದ್ದವನ್ನು ಎದೆಗೆ ಒತ್ತಿಕೊಂಡು, ಕತ್ತಿನ ನರ ಉಬ್ಬಿಸಿ, ಕಪ್ಪೆಯ ಹಾಗೆ ಗೊರ್ ಎಂದಳು. ಪಕ್ಕದವನೂ ಗದ್ದ ಎದೆಗೆ ಒತ್ತಿದ, ಗೊರ್ ಎಂದ. ಅದರ ಪಕ್ಕದ್ದೂ ಹಾಗೆಯೇ. ಸಾಲು ಪೂರ್ತಿ ಕಪ್ಪೆಗಳು. ನಾನು ಡಬ್ಬಿಯನ್ನು ಮುಖಕ್ಕೆ ಅಡ್ಡ ಹಿಡಿದು ನಕ್ಕೆ. ಆದರೆ ಆಚೆ ಬಾಗಿಲಲ್ಲಿ ಹೆಡ್‌ಮಿಸ್ ಮಿಸೆಸ್ ಬೆರ್ಗ್‌ಲುಂಡ್ ಕೈಕಟ್ಟಿ ನಿಂತಿದ್ದಳು, ಅವಳು ನಗುತ್ತಿರಲಿಲ್ಲ. ಅದನ್ನು ನೋಡಿ ನನ್ನ ನಗು ನಿಂತಿತು.

ಅವತ್ತು ಮಧ್ಯಾಹ್ನ ಅವಳು ತೌನೊನನ್ನು ಕರೆಸಿ ಹೇಳಿದ್ದು ಇಷ್ಟು. ಇದನ್ನು ಅವನ ಬಾಯಿಂದ ಹೊರಡಿಸಲು ನನಗೆ ಒಂದು ವಾರ ಬೇಕಾಯಿತು.

"ಮಿಸ್ಟರ್ ಮಾಕೆಲಾ, ಮಕ್ಕಳ ಕಿವಿ ಚೆನ್ನಾಗಿಯೇ ಇದೆ. ಅವು ನೀವು ಹಾಡಿದ್ದನ್ನೇ ಹಾಡೋಕೆ ನೋಡ್ತಿವೆ. ನಿಮ್ಮ ಆಳಕ್ಕೆ ಇಳಿಯೋಕೆ ಹೋಗಿ ಗಂಟಲು ತಳ ಹಿಡಿದು ಕೂತಿದೆ. ನೀವು ಮೇಲೆ ಹತ್ತಬೇಕು, ಹೆಂಗಸರು ಹಾಡೋ ಎತ್ತರಕ್ಕೆ. ಕಾಲೇಜಿನಲ್ಲಿ ಹೇಳಿಕೊಟ್ಟಿರ್ತಾರಲ್ಲ?"

"ಪಿಯಾನೋದಲ್ಲಿ ಸ್ವರ ಕೊಡ್ತೀನಿ."

"ಪಿಯಾನೋಗೆ ಬಾಯಿಲ್ಲ. ಮಕ್ಕಳು ಬಾಯಿ ನೋಡಿ ಹಾಡೋದು. ಮೇ ತಿಂಗಳ ಮಕ್ಕಳ ಕಾರ್ಯಕ್ರಮಕ್ಕೆ ಶಾಲಾ ಮಂಡಳಿಯವರು ಬರ್ತಾರೆ. ಇದೇ ಗೊರಗೊರ ಕೇಳಿಸಿದರೆ ಮುಂದಿನ ವರ್ಷ ಸಂಗೀತದ ಪಿರಿಯಡ್ಡೇ ಇರಲ್ಲ. ಒಂದು ಟೇಪ್ ರೆಕಾರ್ಡರ್ ಕೊಂಡು ಇಡ್ತಾರೆ ಅಷ್ಟೆ."

"ಅಂದ್ರೆ ಹೆಂಗಸಿನ ಥರ ಹಾಡಬೇಕಂತೆ ನಾನು," ಎಂದ ತೌನೊ ನನಗೆ, ಕಿಟಕಿಯ ಕಡೆ ತಿರುಗಿ.

ನನಗೆ ನಗು ತಡೆಯಲಾಗಲಿಲ್ಲ. ಬಾಗಿಲ ಚೌಕಟ್ಟಿಗೆ ತಲೆ ತಾಗುವಂಥ ಗಂಡಸು, ಕೈ ನೋಡಿದರೆ ಸಲಿಕೆ, ಅವನ ಬಾಯಿಂದ ಕೀಚಲು ದನಿ. ಇವತ್ತಿಗೂ ನೆನೆದರೆ ನಗು ಬರುತ್ತದೆ, ಏನು ಮಾಡಲಿ. ಆದರೆ ಅವತ್ತಿನಿಂದ ಅವನು ನನ್ನ ಮುಂದೆ ಈ ಮಾತೆತ್ತಲಿಲ್ಲ. ಬೇರೊಂದು ಉಪಾಯ ಹುಡುಕಿಕೊಂಡ. ಕ್ಯಾರಿಯ ಕಿವಿ ಬಹಳ ಸೂಕ್ಷ್ಮ ಎಂದು ಗೊತ್ತಾಗಿತ್ತು. ಅವಳನ್ನು ಪಿಯಾನೋ ಪಕ್ಕ ನಿಲ್ಲಿಸಿ, ಮೊದಲ ಸ್ವರ ಬಾರಿಸಿ, ಅವಳ ಕೈಯಲ್ಲಿ ಹಾಡಿಸಿ, ಉಳಿದವು ಅವಳನ್ನು ಹಿಂಬಾಲಿಸುವಂತೆ ಮಾಡಿದ. ಮಕ್ಕಳು ಸರಿಯಾಗಿ ಹಾಡತೊಡಗಿದವು. ಮೇಷ್ಟ್ರು ಮಾತ್ರ ಬಾಯಿ ಮುಚ್ಚಿಕೊಂಡು ಕೈ ಆಡಿಸುತ್ತಿದ್ದ.

ಹೀಗಿರುವಾಗ ಜನವರಿಯಲ್ಲಿ ಹಿಲ್ಮಾ ಹೀತಲಾ ನಮ್ಮ ಮನೆಗೆ ನಿಸು ತಂದಳು. ಏಲಕ್ಕಿ ಹಾಕಿದ ಆ ಜಡೆ ಹೆಣೆದ ಬ್ರೆಡ್ಡನ್ನು ಹಬ್ಬಕ್ಕೋ ಸಾವಿಗೋ ಬಿಟ್ಟರೆ ಪಕ್ಕದ ಮನೆಗೆ ಕೊಡುವವಳಲ್ಲ ಹಿಲ್ಮಾ. ವಿಧವೆ, ನನ್ನ ತಾಯಿಯ ವಯಸ್ಸು, ಅವಳ ಅಡುಗೆಮನೆಯ ಕಿಟಕಿ ನೇರ ನಮ್ಮ ಹಿತ್ತಲಿಗೆ ತೆರೆಯುತ್ತದೆ. ಬ್ರೆಡ್ಡು ಇನ್ನೂ ಬಿಸಿಯಿತ್ತು.

"ಯಾರು ಹೋದರು?" ಎಂದೆ.

"ಯಾರೂ ಹೋಗಿಲ್ಲ. ಕೂತ್ಕೋ."

ನಾನು ಕೂತೆ. ಅವಳು ಕೋಟು ಬಿಚ್ಚದೆ ಎದುರಿಗೆ ಕೂತಳು.

"ನಿನಗೆ ಮಂಗಳವಾರ, ಗುರುವಾರ ಸಂಜೆ ಪಾಳಿ ಅಲ್ವಾ ಮಗಳೇ?"

"ಹೌದು."

"ಆ ದಿನ ನಿಮ್ಮ ಸೌನಾದ ಚಿಮಣಿಯಲ್ಲಿ ಹೊಗೆ ಬರುತ್ತೆ."

ಇದನ್ನು ಫಿನ್ನರಲ್ಲದವರಿಗೆ ಹೇಗೆ ಹೇಳಲಿ. ಹಿತ್ತಲಿನ ಆ ಮರದ ಕೋಣೆಯಲ್ಲಿ ಕಲ್ಲು ಕಾಯಿಸಿ, ನೀರು ಚೆಲ್ಲಿ, ಬೆತ್ತಲೆ ಕೂತು ಬೆವರುವುದು ಶನಿವಾರ. ಬೇಕಾದರೆ ಬುಧವಾರ. ಮಂಗಳವಾರ ಸೌನಾದಲ್ಲಿ ಹೊಗೆ ಎದ್ದರೆ ಹೆರಿಗೆಯೋ ಹೆಣ ತೊಳೆಯುವುದೋ ಇರಬೇಕು ಎನ್ನುತ್ತಿದ್ದ ಕಾಲದವಳು ಹಿಲ್ಮಾ.

"ಚಳಿಯಲ್ವಾ, ಕಾಯಿಸ್ಕೊಂಡಿರ್ತಾನೆ," ಎಂದೆ.

"ಒಬ್ಬನೇ ಅಲ್ಲ."

"ಮತ್ತೆ?"

"ಒಳಗೆ ಒಬ್ಬಳು ಹಾಡ್ತಾಳೆ. ಎಲ್ಲಿದ್ದೀಯಾ, ಎಲ್ಲಿದ್ದೀಯಾ ಅಂತ ಹೆಣ್ಣು ದನಿ. ಅದಕ್ಕೆ ನಿನ್ನ ಗಂಡನ ದನಿ, ಇಲ್ಲಿದ್ದೀನಿ ಅಂತ. ಮತ್ತೆ ಅವಳು, ಮತ್ತೆ ಅವನು. ನನ್ನ ಕಿವಿಯಾರೆ ಕೇಳಿದೀನಿ ವಿಡಾ. ಕಸ ಚೆಲ್ಲೋಕೆ ಅಂತ ಹೊರಗೆ ಹೋಗಿದ್ದೆ."

ಎಷ್ಟು ಸಲ ಕಸ ಚೆಲ್ಲಿದೆಯಮ್ಮಾ ಎಂದು ಕೇಳಬೇಕೆನಿಸಿತು. ಅದರ ಬದಲು ಆ ನಿಸುವಿನ ಒಂದು ಚೂರು ಮುರಿದು ಬಾಯಿಗೆ ತುರುಕಿಕೊಂಡೆ.

ಆ ವಾರ ನಾನು ನಾನಾಗಿರಲಿಲ್ಲ. ಅವನ ಶರ್ಟು ಮೂಸಿದೆ, ಸೌನಾದ ಬೆಂಚಿನ ಮೇಲೆ ಕೂದಲು ಹುಡುಕಿದೆ, ಸಿಕ್ಕಿದ್ದೆಲ್ಲ ನನ್ನದೇ. ಅಂಗಡಿಗೆ ಹೋದರೆ ಗಲ್ಲಾದ ಹೆಂಗಸು ಚಿಲ್ಲರೆ ಕೊಡುವ ನೆಪದಲ್ಲಿ ನನ್ನ ಕೈ ಒತ್ತಿದಳು. ಅಷ್ಟರಲ್ಲಿ ಹಿಲ್ಮಾಳ ಕಸ ಊರೆಲ್ಲ ಹರಡಿತ್ತು ಎಂದು ಅರ್ಥವಾಯಿತು. ತೌನೊ ಜೊತೆ ಗಣಿಯಲ್ಲಿದ್ದ ರೂಡಿ ಪ್ರೆಬಿಚ್ ಪೆಟ್ರೋಲ್ ಬಂಕಿನಲ್ಲಿ ನನ್ನ ಕಣ್ಣೆದುರೇ ಅವನ ಬೆನ್ನು ತಟ್ಟಿ, "ಏನೋ ಮೇಷ್ಟ್ರೇ, ಭಾರೀ ಕಿಲಾಡಿ ಕಣೋ ನೀನು," ಎಂದ. ಕಾರಿನೊಳಗೆ ನಾನಿರುವುದನ್ನು ನೋಡಿ ಟೋಪಿ ಸರಿಮಾಡಿಕೊಂಡು ಆಚೆ ಹೋದ. ತೌನೊ ಮುಗುಳ್ನಕ್ಕ. ಆ ನಗು ಕಂಡು ನನ್ನ ಮೈಯೆಲ್ಲ ಉರಿಯಿತು.

ಮುಂದಿನ ಗುರುವಾರ ಪಾಳಿಯನ್ನು ಇನ್ನೊಬ್ಬಳ ಜೊತೆ ಬದಲಾಯಿಸಿಕೊಂಡೆ. ಮನೆಯಿಂದ ಹೊರಟ ಹಾಗೆ ಮಾಡಿ, ಕಾರನ್ನು ಚರ್ಚಿನ ಬಳಿ ನಿಲ್ಲಿಸಿ, ಹಿತ್ತಲ ದಾರಿಯಿಂದ ನಡೆದು ಬಂದೆ. ಹಿಮ ಬೂಟಿನ ಕೆಳಗೆ ಕಿರ್ ಎನ್ನುತ್ತಿತ್ತು. ಸೌನಾದ ಪುಟ್ಟ ಕಿಟಕಿಯಲ್ಲಿ ಹಳದಿ ಬೆಳಕು. ಒಳಗಿನಿಂದ ಬಂತು, ಸಣ್ಣಗೆ, ಸ್ವಲ್ಪ ನಡುಗುತ್ತ: "ಎಲ್ಲಿದ್ದೀಯಾ?"

ಹೆಣ್ಣು ದನಿಯೇ. ಚಿಕ್ಕ ಪ್ರಾಯದವಳದ್ದು. ಇನ್ನೇನು ಅತ್ತೇಬಿಡುವವಳ ದನಿಯ ಹಾಗಿತ್ತು.

ನಾನು ಸೌದೆ ರಾಶಿಯಿಂದ ಒಂದು ಕೊರಡು ಎತ್ತಿಕೊಂಡು ಬಾಗಿಲು ದೂಡಿದೆ. ಯಾರಿಗೆ ಹೊಡೆಯಬೇಕೆಂದಿದ್ದೆನೋ ನನಗೇ ಗೊತ್ತಿಲ್ಲ. ಆವಿಯ ನಡುವೆ ಮೇಲಿನ ಬೆಂಚಿನಲ್ಲಿ ನನ್ನ ಗಂಡ ಒಬ್ಬನೇ, ಸೊಂಟಕ್ಕೆ ಟವೆಲ್ ಸುತ್ತಿ, ಒಂದು ಕೈಯಲ್ಲಿ ಸ್ವರ ಹಿಡಿಯುವ ಪುಟ್ಟ ಪೀಪಿ, ಎದುರಿಗೆ ನೀರಿನ ಬಕೆಟ್ಟು. ಬಕೆಟ್ಟಿನ ಅಂಚಿಗೆ ಸೌಟು. ಅವನು ಆ ಬಕೆಟ್ಟನ್ನೇ ಒಂದನೇ ತರಗತಿ ಎಂದುಕೊಂಡು ಕೂತಿದ್ದ.

"ಬಾಗಿಲು ಹಾಕು, ಬಿಸಿ ಹೋಗುತ್ತೆ," ಎಂದ.

ನಾನು ಬಾಗಿಲು ಹಾಕಿ, ಕೋಟು ಬೂಟು ಸಮೇತ ಕೆಳಗಿನ ಬೆಂಚಿನಲ್ಲಿ ಕುಸಿದೆ. ಕೊರಡು ತೊಡೆಯ ಮೇಲೆಯೇ ಇತ್ತು.

"ನೀನಾ?"

"ಇನ್ಯಾರು. ಕರೆಯೋನೂ ನಾನೇ, ಮಕ್ಕಳ ಬದಲು ಉತ್ತರ ಕೊಡೋನೂ ನಾನೇ."

"ಊರೆಲ್ಲ ನನ್ನ ಮುಖ ನೋಡಿ ಅಯ್ಯೋ ಪಾಪ ಅಂತಿದೆ ತೌನೊ. ನಿನಗೆ ಹೆಂಗಸಿದಾಳೆ ಅಂತ."

"ಗೊತ್ತು. ರೂಡಿ ಹೇಳಿದ."

"ಗೊತ್ತಾ? ಮತ್ತೆ ನೀನೇನಂದೆ?"

"ಏನೂ ಅನ್ನಲಿಲ್ಲ."

"ಯಾಕೆ?"

ಅವನು ಬಕೆಟ್ಟಿನಲ್ಲಿ ಸೌಟು ಅಲ್ಲಾಡಿಸಿದ. ಕಾಲು ಬೆಂಚಿನ ಹಲಗೆಯ ಮೇಲೆ ಟಕಟಕ ಎನ್ನುತ್ತಿತ್ತು.

"ಹೆಂಗಸನ್ನ ಇಟ್ಕೊಂಡಿದೀನಿ ಅಂದ್ರೆ ರೂಡಿ ಬೆನ್ನು ತಟ್ತಾನೆ. ಹೆಂಗಸಿನ ಥರ ಹಾಡ್ತೀನಿ ಅಂದ್ರೆ ನಾನು ಸಾಯೋವರೆಗೂ ಬಿಡಲ್ಲ."

ನನಗೆ ಬಂದ ಸಿಟ್ಟನ್ನು ಏನೆಂದು ಹೇಳಲಿ. "ನಿನ್ನ ಗಂಡಸುತನದ ಮರ್ಯಾದೆ ಉಳಿಯೋಕೆ ನಾನು ಗಂಡ ಬಿಟ್ಟವಳ ಥರ ಊರಲ್ಲಿ ತಿರುಗಬೇಕಾ? ನಾಳೆ ಬೆಳಗ್ಗೆ ಹಿಲ್ಮಾ ಮನೆಗೆ ಹೋಗಿ ಎಲ್ಲ ಹೇಳಿಬಿಡ್ತೀನಿ."

"ಬೇಡ."

"ಯಾಕೆ ಬೇಡ?"

"ನೀನೇ ನಕ್ಕೆ ವಿಡಾ." ಅವನು ಅದನ್ನು ದೂರುವ ಹಾಗೆ ಹೇಳಲಿಲ್ಲ, ಹವಾಮಾನ ಹೇಳುವ ಹಾಗೆ ಹೇಳಿದ. "ನೀನೇ ನಕ್ಕ ಮೇಲೆ ಅವರು ಬಿಡ್ತಾರಾ? ಇಲ್ಲಿ ಹಾಡ್ತೀನಿ, ಬರುತ್ತೆ. ಶಾಲೆಗೆ ಹೋಗಿ ಬಾಯಿ ತೆರೆದರೆ ಹಳೇದೇ ಬರುತ್ತೆ. ಮೇ ತನಕ ತಡ್ಕೋ. ಅಷ್ಟರಲ್ಲಿ ಧೈರ್ಯ ಬಂದ್ರೆ ಎಲ್ಲರ ಮುಂದೆ ನಾನೇ ಹಾಡ್ತೀನಿ. ಬರಲಿಲ್ಲಾಂದ್ರೆ ಕೆಲಸ ಬಿಡ್ತೀನಿ, ಟೆಕ್ಸಸ್‌ಗೆ ಹೋಗಿ ಲಾರಿ ಓಡಿಸೋಣ."

"ಆ ಹುಡುಗಿ ಕ್ಯಾರಿ ಇಲ್ಲದ ದಿನ ಏನು ಮಾಡ್ತೀಯ?"

ಅವನು ಕಲ್ಲಿನ ಮೇಲೆ ಒಂದು ಸೌಟು ನೀರು ಚೆಲ್ಲಿದ. ಭುಸ್ ಎಂದು ಆವಿ ಎದ್ದು ನನ್ನ ಕೋಟಿನೊಳಗೆಲ್ಲ ನುಗ್ಗಿತು.

ನಾನು ತಡೆದುಕೊಂಡೆ. ಹೇಗೆ ತಡೆದುಕೊಂಡೆ ಎಂದು ಕೇಳಬೇಡಿ. ಚರ್ಚಿನಲ್ಲಿ ಹೆಂಗಸರು ನಾನು ಬಂದೊಡನೆ ಮಾತು ಬದಲಿಸುತ್ತಿದ್ದರು. ನನ್ನ ಅಕ್ಕ ಫೋನು ಮಾಡಿ, ಅಮ್ಮನ ಕಾಲದ ಪೊಟೀತ್ಸಾ ಎಂಬ ಅಕ್ರೋಟಿನ ಸಿಹಿ ಬ್ರೆಡ್ಡಿನ ಅಳತೆ ಕೇಳುವ ನೆಪದಲ್ಲಿ, ಬೇಕಾದರೆ ಇಲ್ಲಿಗೆ ಬಂದಿರು ಎಂದಳು. ಪ್ರತಿ ಸಲವೂ ಬಾಯಿ ತುದಿಗೆ ಬರುತ್ತಿತ್ತು: ಅದು ಅವನೇ ಕಣ್ರೇ, ಅವನದೇ ದನಿ. ನುಂಗಿಕೊಳ್ಳುತ್ತಿದ್ದೆ. ರಾತ್ರಿ ಹಾಸಿಗೆಯಲ್ಲಿ ಅವನ ಕಾಲು ನಿಲ್ಲುತ್ತಿರಲಿಲ್ಲ, ಈಗ ನನ್ನ ಕಾಲೂ ಕುಣಿಯಲು ಶುರುವಾಗಿತ್ತು. ಮಂಗಳವಾರ, ಗುರುವಾರ ಚಿಮಣಿಯಲ್ಲಿ ಹೊಗೆ ಏಳುತ್ತಲೇ ಇತ್ತು. ಹಿಲ್ಮಾ ಕಸ ಚೆಲ್ಲುತ್ತಲೇ ಇದ್ದಳು.

ಮೇ ತಿಂಗಳ ಕಾರ್ಯಕ್ರಮಕ್ಕೆ ಶಾಲೆಯ ಆಟದ ಹಾಲ್ ಜನರಿಂದ ತುಂಬಿತ್ತು. ಕೆಲಸವಿಲ್ಲದ ಗಂಡಸರೆಲ್ಲ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು, ರೂಡಿ ಅವರ ನಡುವೆ. ಅವನ ಮಗ ಜೋಯಿ ಒಂದನೇ ತರಗತಿ. ಹಿಲ್ಮಾ ನನ್ನ ಪಕ್ಕದ ಮಡಿಸುವ ಕುರ್ಚಿಯಲ್ಲಿ, ನನಗೆ ಆಸರೆಯಾಗಬೇಕೆಂದೇ ಬಂದವಳ ಹಾಗೆ, ಕೂತಿದ್ದಳು. ಮುಂದಿನ ಸಾಲಿನಲ್ಲಿ ಮಿಸೆಸ್ ಬೆರ್ಗ್‌ಲುಂಡ್ ಮತ್ತು ಮಂಡಳಿಯವರು.

ಮೊದಲನೆಯದು ಒಂದನೇ ತರಗತಿಯ ಹಾಜರಿ ಹಾಡು. ಮಕ್ಕಳು ಸಾಲಾಗಿ ನಿಂತವು. ಕ್ಯಾರಿಯ ಕುತ್ತಿಗೆಗೆ ಉಣ್ಣೆಯ ಸ್ಕಾರ್ಫು ಕಟ್ಟಿದ್ದರು, ಮೇ ತಿಂಗಳಲ್ಲಿ. ತೌನೊ ಪಿಯಾನೋದಲ್ಲಿ ಸ್ವರ ಕೊಟ್ಟು ಅವಳ ಕಡೆ ತಲೆ ಆಡಿಸಿದ. ಹುಡುಗಿ ಬಾಯಿ ತೆರೆದಳು. ಗಾಳಿ ಬಂತು, ದನಿ ಬರಲಿಲ್ಲ. ಅವಳು ತನ್ನ ಗಂಟಲು ತೋರಿಸಿ, ಅಳುವ ಮುಖ ಮಾಡಿ, ತಲೆ ಅಲ್ಲಾಡಿಸಿದಳು.

ತೌನೊ ಎದ್ದು ಮಕ್ಕಳ ಮುಂದೆ ಬಂದ. ಮದುವೆಯ ಸೂಟು, ಬೆನ್ನಲ್ಲಿ ಬಿಗಿಯಾಗಿತ್ತು. ಬಾಯಿ ತೆರೆದ. ಬಂದದ್ದು ಹಳೆಯದೇ, ಬಾವಿಯ ತಳದಿಂದ: "ಎಲ್ಲಿದ್ದೀರಿ?"

ಸಾಲು ಪೂರ್ತಿ ಗದ್ದಗಳು ಎದೆಗೆ ಒತ್ತಿಕೊಂಡವು. ಗೊರ್.

ಇಡೀ ಸಭೆ ನಕ್ಕಿತು. ಕೆಟ್ಟ ನಗುವೇನಲ್ಲ, ಮಕ್ಕಳನ್ನು ನೋಡಿ ನಗುವ ನಗು. ಆದರೆ ಮಿಸೆಸ್ ಬೆರ್ಗ್‌ಲುಂಡ್ ತನ್ನ ಮಡಿಲು ನೋಡಿಕೊಂಡಳು, ಮಂಡಳಿಯವನೊಬ್ಬ ಪಕ್ಕದವನ ಕಿವಿಯಲ್ಲಿ ಏನೋ ಹೇಳಿದ. ತೌನೊ ಕೈ ಇಳಿಸಿದ. ಮಕ್ಕಳು ಅವನ ಬಾಯಿಯನ್ನೇ ನೋಡುತ್ತಿದ್ದವು. ತಮ್ಮದೇನೋ ತಪ್ಪಾಯಿತು ಎಂದು ಅವಕ್ಕೆ ಗೊತ್ತಾಗಿತ್ತು, ಏನೆಂದು ಗೊತ್ತಾಗಿರಲಿಲ್ಲ. ಜೋಯಿಯ ತುಟಿ ನಡುಗತೊಡಗಿತು. ನಾನು ಕೈಚೀಲದ ಹಿಡಿ ಹಿಂಡುತ್ತ ತೌನೊನ ಕಾಲು ನೋಡಿದೆ. ಅದು ಅಲ್ಲಾಡುತ್ತಿರಲಿಲ್ಲ. ಮದುವೆಯಾದಂದಿನಿಂದ ಆ ಕಾಲು ನಿಂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಟೆಕ್ಸಸ್, ಎಂದುಕೊಂಡೆ. ಮುಗಿಯಿತು, ಇನ್ನು ಟೆಕ್ಸಸ್.

ಅವನು ಜೋಯಿಯ ಮುಖ ನೋಡಿದ. ಭುಜ ಸಡಿಲ ಬಿಟ್ಟ. ಆ ಅಷ್ಟು ದೊಡ್ಡ ದೇಹದಿಂದ, ಸೂಜಿಯಿಂದ ದಾರ ಎಳೆದ ಹಾಗೆ, ಸಣ್ಣಗೆ, ಎತ್ತರದಲ್ಲಿ ಬಂತು: "ಎಲ್ಲಿದ್ದೀರಿ?"

ಸಭೆ ಗಪ್ಪಾಯಿತು. ಹಿಂದಿನಿಂದ ರೂಡಿಯ ಗೊಳ್ ಎನ್ನುವ ನಗು ಅರ್ಧ ಕೇಳಿಸಿತು. ಮಕ್ಕಳಿಗೆ ಅದ್ಯಾವುದೂ ಬೇಕಿರಲಿಲ್ಲ. ಗದ್ದಗಳು ಎದ್ದವು. ಒಂದೂ ತಪ್ಪದೆ, ಅದೇ ಎರಡು ಸ್ವರದಲ್ಲಿ, "ಇಲ್ಲಿದ್ದೀವಿ" ಎಂದವು.

"ಎಲ್ಲಿದ್ದೀಯಾ, ಜೋಯೀ?"

"ಇಲ್ಲಿದ್ದೀನಿ," ಎಂದು ಹಾಡಿದ ರೂಡಿಯ ಮಗ, ತುಂಬು ಗಂಟಲಲ್ಲಿ, ಮೇಷ್ಟ್ರ ಬಾಯಿಂದ ಕಣ್ಣು ತೆಗೆಯದೆ. ಹಿಂದಿನ ಗೋಡೆಯ ಕಡೆಯಿಂದ ಇನ್ನು ನಗು ಬರಲಿಲ್ಲ. ತಿರುಗಿ ನೋಡಿದೆ. ರೂಡಿ ಟೋಪಿ ತೆಗೆದು ಎದೆಗೆ ಹಿಡಿದು ನಿಂತಿದ್ದ, ಚರ್ಚಿನಲ್ಲಿ ನಿಂತ ಹಾಗೆ.

ಒಂದೊಂದೇ ಹೆಸರು ಕರೆಯುತ್ತ ಹೋದ ತೌನೊ. ಎಲ್ಲಿದ್ದೀಯಾ, ಇಲ್ಲಿದ್ದೀನಿ. ದನಿ ಮೊದಲು ನಡುಗುತ್ತಿತ್ತು, ಹೋಗುತ್ತ ಹೋಗುತ್ತ ನಡುಕ ನಿಂತಿತು. ಮಿಸೆಸ್ ಬೆರ್ಗ್‌ಲುಂಡ್ ತಲೆಯೆತ್ತಿ ಕೂತಳು, ಮಂಡಳಿಯವನು ಪಿಸುಗುಟ್ಟುವುದನ್ನು ಬಿಟ್ಟು ಕೇಳತೊಡಗಿದ. ಟೇಪ್ ರೆಕಾರ್ಡರ್ ಯಾರೂ ಕೊಳ್ಳುವುದಿಲ್ಲ ಎಂದು ನನಗೆ ಅವರ ಬೆನ್ನು ನೋಡಿಯೇ ಗೊತ್ತಾಯಿತು. ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು, ಒರೆಸಿಕೊಳ್ಳಲು ಹೋಗಲಿಲ್ಲ.

ಆಗ ಹಿಲ್ಮಾ ನನ್ನ ತೋಳು ಹಿಡಿದಳು. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ.

"ವಿಡಾ," ಎಂದಳು ಮೆಲ್ಲಗೆ, "ಈ ದನಿ..."

"ಹೌದು," ಎಂದೆ. "ಅವಳೇ. ನನ್ನ ಸವತಿ."

ವೇದಿಕೆಯ ಮೇಲೆ ನನ್ನ ಗಂಡ, ದನಿ ಕಟ್ಟಿದ್ದ ಕ್ಯಾರಿಯ ಮುಂದೆ ಮಂಡಿಯೂರಿ ಕೂತು, ಎಲ್ಲಿದ್ದೀಯಾ ಎಂದು ಹಾಡಿದ. ಅವಳು ಉತ್ತರಕ್ಕೆ ಸುಮ್ಮನೆ ಕೈ ಎತ್ತಿ ತೋರಿಸಿದಳು.

"ಚೆನ್ನಾಗಿ ಹಾಡ್ತಾಳೆ, ಅಲ್ವಾ?" ಎಂದೆ ನಾನು.